ಕಚೇರಿಯ ವಿಳಾಸ ಪುಸ್ತಕ

ಹಿರಿಯ ಗುಮಾಸ್ತರೊಬ್ಬರು ನಿವೃತ್ತರಾದರೆ ಕಚೇರಿ ಅವರ ದುಡಿಮೆಯೊಡನೆ ಇನ್ನೂ ಒಂದನ್ನು ಕಳೆದುಕೊಳ್ಳುತ್ತದೆ. ಯಾವ ಊರಿನ ಪರೀಕ್ಷಕರಿಗೆ ಯಾವ ವಿಳಾಸಕ್ಕೆ ಬರೆದರೆ ಉತ್ತರ ಬಂದೀತು, ಯಾರು ಮನೆ ಬದಲಿಸಿದ್ದಾರೆ, ಯಾರು ಸಂಜೆಯ ಹೊತ್ತಿನಲ್ಲಿ ಮಾತ್ರ ಫೋನಿಗೆ ಸಿಗುತ್ತಾರೆ ಎಂಬ ತಿಳಿವಳಿಕೆಯೂ ಅವರ ಹಿಂದೆಯೇ ಹೊರಟುಹೋಗುತ್ತದೆ. ಹಿಂದೆ ಇದೆಲ್ಲ ಮೇಜಿನ ಡ್ರಾಯರಿನಲ್ಲಿದ್ದ ನೋಟುಪುಸ್ತಕದಲ್ಲಿರುತ್ತಿತ್ತು, ಪುಸ್ತಕವನ್ನಾದರೂ ಬಿಟ್ಟುಹೋಗುತ್ತಿದ್ದರು. ಈಗ ಅದು ಅವರೊಬ್ಬರ ಇ-ಮೇಲ್ ಖಾತೆಯೊಳಗಿರುತ್ತದೆ. ನಾನು ಕೆಲಸ ಮಾಡಿದ ಒಂದು ವಿಭಾಗದಲ್ಲಿ ಅಂಥ ಖಾತೆಯೊಂದು ಮುಚ್ಚಿಹೋಗಿ, ಮೌಲ್ಯಮಾಪಕರಿಗೆ ಹೋಗಬೇಕಾಗಿದ್ದ ಪತ್ರಗಳು ಎರಡು ವಾರ ಹೊರಡಲೇ ಇಲ್ಲ.

ಆದಕಾರಣ ವಿಳಾಸಗಳನ್ನು ಸಹೋದ್ಯೋಗಿಗಳು ಹಂಚಿಕೊಳ್ಳಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಹಂಚಿಕೊಳ್ಳುವುದು ಎಂಬ ಒಂದೇ ಮಾತಿನಿಂದ ನಾವು ಎರಡು ಬೇರೆ ಬೇರೆ ಕ್ರಿಯೆಗಳನ್ನು ಸೂಚಿಸುತ್ತೇವೆ. ಮೊದಲನೆಯದು ಪ್ರತಿ ಮಾಡಿಕೊಡುವುದು. ವಿಳಾಸಗಳನ್ನೆಲ್ಲ ಒಂದು ಕಡತವಾಗಿಸಿ ಕಳುಹಿಸಿದರೆ ಪಡೆದವರು ಅದನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಹೀಗೆ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಿಳಾಸವನ್ನು ಸಾಗಿಸಲೆಂದೇ 'ವಿಕಾರ್ಡ್' ಎಂಬ ಸರ್ವಸಮ್ಮತ ರೂಪವೊಂದಿದೆ. ಅದರ ನಾಲ್ಕನೆಯ ಆವೃತ್ತಿ 2011ರಲ್ಲಿ ಪ್ರಕಟವಾಯಿತು.

ಹಳಗನ್ನಡ ಕಾವ್ಯಗಳ ಗ್ರಂಥಸಂಪಾದನೆಯ ಪರಿಚಯವಿದ್ದವರಿಗೆ ಇದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಪ್ರತಿ ಮಾಡಿದ ದಿನದಿಂದಲೇ ಪಾಠಾಂತರ ಆರಂಭವಾಗುತ್ತದೆ. ಒಬ್ಬರು ಹೊಸ ಸಂಖ್ಯೆಯನ್ನು ತಮ್ಮ ಪ್ರತಿಯಲ್ಲಿ ತಿದ್ದಿಕೊಳ್ಳುತ್ತಾರೆ, ಮತ್ತೊಬ್ಬರಲ್ಲಿ ಹಳೆಯದೇ ಉಳಿಯುತ್ತದೆ; ಮೂರು ವರ್ಷ ಕಳೆದ ಮೇಲೆ ಯಾವುದು ಶುದ್ಧಪಾಠವೆಂದು ಹೇಳುವವರೇ ಇರುವುದಿಲ್ಲ. ಕಾವ್ಯದಲ್ಲಾದರೆ ಲಿಪಿಕಾರನ ತಪ್ಪನ್ನು ಛಂದಸ್ಸೇ ಎಷ್ಟೋ ವೇಳೆ ತೋರಿಸಿಕೊಡುತ್ತದೆ. ದೂರವಾಣಿ ಸಂಖ್ಯೆಗೆ ಅಂಥ ಛಂದಸ್ಸಿಲ್ಲ.

ಎರಡನೆಯ ಕ್ರಿಯೆಯಲ್ಲಿ ಪುಸ್ತಕ ಒಂದೇ; ನೋಡುವವರು ಹಲವರು. ಔಟ್‌ಲುಕ್ ತಂತ್ರಾಂಶದ ಹಳೆಯ ಮಾದರಿಯಲ್ಲಿ, ಸಂಸ್ಥೆಯ ಎಕ್ಸ್‌ಚೇಂಜ್ ಖಾತೆಯಿದ್ದರೆ, ವಿಳಾಸಗಳ ಕೋಶವೊಂದನ್ನು ಸಹೋದ್ಯೋಗಿಗಳಿಗೆ ತೆರೆದಿಡಬಹುದು. ಗೂಗಲ್‌ನಲ್ಲಿಯೂ ಸಂಸ್ಥೆಯ ಖಾತೆಯಿದ್ದವರು ತಮ್ಮ ಸಂಪರ್ಕಪಟ್ಟಿಯ ನಿರ್ವಹಣೆಯನ್ನು ಇನ್ನೊಬ್ಬರಿಗೆ ವಹಿಸಬಹುದು. ಔಟ್‌ಲುಕ್‌ನಲ್ಲಿ ಕೊಡುವ ಅನುಮತಿಗೆ ಅಂತಸ್ತುಗಳಿವೆ: ಕೆಲವರು ಓದಬಹುದಷ್ಟೆ, ಕೆಲವರು ಹೊಸದನ್ನು ಸೇರಿಸಿ ತಾವು ಸೇರಿಸಿದ್ದನ್ನು ಮಾತ್ರ ತಿದ್ದಬಹುದು, ಕೆಲವರು ಎಲ್ಲವನ್ನೂ ತಿದ್ದಬಹುದು, ಅಳಿಸಲೂಬಹುದು. ತಿದ್ದುವ ಅಧಿಕಾರ ಇಬ್ಬರಿಗಿದ್ದರೆ ಸಾಕೆಂಬುದು ನನ್ನ ಅಭಿಪ್ರಾಯ. ಒಬ್ಬರೇ ಆದರೆ ಅವರು ರಜೆಯ ಮೇಲೆ ಹೋಗುತ್ತಾರೆ; ಹತ್ತು ಜನರಾದರೆ ಹೊಣೆ ಯಾರದೂ ಅಲ್ಲ.

ಇಲ್ಲಿ ನಮ್ಮ ಹೆಸರುಗಳ ತೊಡಕೊಂದುಂಟು. ಈ ತಂತ್ರಾಂಶಗಳು ಮೊದಲ ಹೆಸರು, ಕುಲನಾಮ ಎಂಬ ಎರಡು ಮನೆಗಳನ್ನು ಮಾಡಿಟ್ಟಿವೆ. ಬೇಂದ್ರೆಯವರಿಗೆ ಇದರಿಂದ ತೊಂದರೆಯಿಲ್ಲ. ಮಾಸ್ತಿಯವರನ್ನು ಮಾತ್ರ ಅಯ್ಯಂಗಾರರ ಸಾಲಿನಲ್ಲಿ ಹುಡುಕಬೇಕಾದೀತು! ಡಿ.ವಿ.ಜಿ. ಅವರಲ್ಲಿ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು, ಮೂರನೆಯದೇ ಅವರದು. ಒಬ್ಬ ಗುಮಾಸ್ತ ಕನ್ನಡ ಲಿಪಿಯಲ್ಲಿ, ಇನ್ನೊಬ್ಬ ರೋಮನ್ ಲಿಪಿಯಲ್ಲಿ ನಮೂದಿಸಿದರೆ ಒಬ್ಬರೇ ಇಬ್ಬರಾಗುತ್ತಾರೆ. ಪಟ್ಟಿಯನ್ನು ತೆರೆಯುವ ಮೊದಲೇ ಹೆಸರು ಬರೆಯುವ ಕ್ರಮವನ್ನು ಗೊತ್ತುಮಾಡಿಕೊಂಡರೆ ಮುಂದಿನ ಶ್ರಮ ಉಳಿಯುತ್ತದೆ. ಔಟ್‌ಲುಕ್‌ನಲ್ಲಿ ಹೆಸರು ಯಾವ ರೂಪದಲ್ಲಿ ಅಕಾರಾದಿಗೆ ಸೇರಬೇಕೆಂದು ಸೂಚಿಸುವ ಸ್ಥಾನವೂ ಇದೆ; ಅದನ್ನು ಬಳಸುವವರು ಕಡಿಮೆ.

ಇನ್ನು ಅಪಾಯದ ಮಾತು. 1999ರ ಮಾರ್ಚ್‌ನಲ್ಲಿ ಹರಡಿದ ಮೆಲಿಸ್ಸಾ ಎಂಬ ವೈರಸ್ಸು, ಸೋಂಕು ತಗುಲಿದ ಗಣಕದ ಬಳಕೆದಾರ ಓದಬಲ್ಲ ಪ್ರತಿಯೊಂದು ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ನಮೂದುಗಳಿಗೆ ತನ್ನನ್ನೇ ರವಾನಿಸಿಕೊಂಡಿತು. 'ಓದಬಲ್ಲ' ಎಂಬ ಮಾತನ್ನು ಗಮನಿಸಬೇಕು: ಪಟ್ಟಿ ಅವನದೇ ಆಗಿರಬೇಕಾಗಿರಲಿಲ್ಲ. ಮರುವರ್ಷ ಮೇ ತಿಂಗಳಲ್ಲಿ ಪ್ರೇಮಪತ್ರದ ಸೋಗಿನಲ್ಲಿ ಬಂದ ವೈರಸ್ಸು ಐವತ್ತಕ್ಕೆ ನಿಲ್ಲದೆ ವಿಳಾಸ ಪುಸ್ತಕದ ಎಲ್ಲರಿಗೂ ಹೋಯಿತು. ಬೀಗದ ಕೈ ಎಷ್ಟು ಜನರಲ್ಲಿದೆಯೋ ಮನೆಗೆ ಅಷ್ಟು ಬಾಗಿಲು.

ವೈರಸ್ಸಿಲ್ಲದೆಯೂ ಕೆಡುಕಾಗಬಹುದು. ವಯೋವೃದ್ಧ ವಿದ್ವಾಂಸರೊಬ್ಬರು ತಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಒಬ್ಬ ಗುಮಾಸ್ತನ ಮೇಲಿನ ವಿಶ್ವಾಸದಿಂದ, ಒಂದು ಕೆಲಸಕ್ಕಾಗಿ ಕೊಟ್ಟಿರುತ್ತಾರೆ. ಅದು ಎಂಟು ಮೇಜುಗಳಿಗೆ ಹಂಚಿಹೋದರೆ ಕೊಟ್ಟವರನ್ನು ಕೇಳಿದವರಾರು? ಮಾಹಿತಿಯನ್ನು ಪಡೆದ ಉದ್ದೇಶಕ್ಕೇ ಬಳಸಬೇಕೆಂಬ ತತ್ತ್ವವನ್ನು ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಎತ್ತಿಹಿಡಿದಿದೆ. ಔಟ್‌ಲುಕ್‌ನಲ್ಲಿ ಒಂದೊಂದು ವಿಳಾಸಕ್ಕೂ 'ಖಾಸಗಿ' ಎಂಬ ಗುರುತು ಹಾಕಬಹುದು, ನಿಜ. ಆದರೆ ಅದನ್ನೇ ಪೂರ್ತಿ ನಂಬಬಾರದೆಂದು ತಯಾರಕರೇ ಎಚ್ಚರಿಸಿದ್ದಾರೆ. ಎರಡು ಕೋಶಗಳನ್ನಿಟ್ಟುಕೊಳ್ಳುವುದು ಲೇಸು. ಕಚೇರಿಯ ವಿಳಾಸ, ಕಚೇರಿಯ ದೂರವಾಣಿ, ಇ-ಮೇಲ್ ಇವಿಷ್ಟು ಎಲ್ಲರೂ ನೋಡುವ ಕೋಶದಲ್ಲಿರಲಿ. ಮನೆಯ ಸಂಖ್ಯೆ ಹಂಚದ ಕೋಶದಲ್ಲಿರಲಿ. ಕೆಲಸ ಬಿಡುವ ಮುನ್ನ, ಆ ವಿದ್ವಾಂಸರನ್ನು ಒಂದು ಮಾತು ಕೇಳಿ, ಮುಂದೆ ಬರುವವರಿಗೆ ಅದನ್ನು ಒಪ್ಪಿಸಬಹುದು.