ನಿಂತು ನಡೆವ ಕಾಲು

ಈ ವ್ಯಾಧಿಯ ಚರಿತ್ರೆ ಮನುಷ್ಯನಿಂದಲ್ಲ, ಕುದುರೆಯಿಂದ ಮೊದಲಾಗುತ್ತದೆ. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಎಂಬಾತ ಒಂದು ಕುದುರೆಯ ವಿಚಿತ್ರ ಕುಂಟನ್ನು ವರ್ಣಿಸಿದ. ನಿಂತಿರುವಾಗ ಅದಕ್ಕೆ ಯಾವ ಊನವೂ ಇಲ್ಲ. ಸ್ವಲ್ಪ ಹೊತ್ತು ಓಡಿಸಿದರೆ ಹಿಂಗಾಲು ಎಳೆಯತೊಡಗುವುದು. ತುಸು ವಿಶ್ರಾಂತಿ ಕೊಟ್ಟರೆ ಮತ್ತೆ ಮೊದಲಿನಂತೆಯೇ. ತೊಡೆಯ ಧಮನಿಗಳು ಮುಚ್ಚಿಹೋದುದೇ ಇದಕ್ಕೆ ಕಾರಣವೆಂದು ಅವನು ತಿಳಿಸಿದ. ಮುಂದೆ 1858ರಲ್ಲಿ ಷಾರ್ಕೋ ಎಂಬ ಹೆಸರಾಂತ ಫ್ರೆಂಚ್ ವೈದ್ಯ, ಹಿಂದೊಮ್ಮೆ ಗುಂಡೇಟು ತಿಂದಿದ್ದ ಸೈನಿಕನೊಬ್ಬನಲ್ಲಿ ಅದೇ ಲಕ್ಷಣವನ್ನು ಕಂಡು, ಕುದುರೆಯ ರೋಗ ಮನುಷ್ಯನಿಗೂ ಉಂಟೆಂದು ತೋರಿಸಿದ. ಕುಂಟುವುದೆಂಬ ಲ್ಯಾಟಿನ್ ಕ್ರಿಯಾಪದದಿಂದ ಹುಟ್ಟಿದ ಕ್ಲಾಡಿಕೇಷನ್ ಎಂಬ ಹೆಸರೇ ಇದಕ್ಕೆ ಇಂದಿಗೂ ಉಳಿದಿದೆ.

ಜರ್ಮನರು ಇಟ್ಟ ಹೆಸರು ಇನ್ನೂ ಸೊಗಸು. ಅವರು ಇದನ್ನು ಅಂಗಡಿ ಕಿಟಕಿಯ ರೋಗವೆನ್ನುತ್ತಾರೆ. ಬೀದಿಯಲ್ಲಿ ನೂರಿನ್ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಲ್ಲದೆ ಗತಿಯಿಲ್ಲ, ಸುಮ್ಮನೆ ನಿಂತರೆ ಕಂಡವರು ಏನೆಂದಾರೋ ಎಂಬ ಸಂಕೋಚ. ಆದ್ದರಿಂದ ರೋಗಿಯು ಅಂಗಡಿಯ ಗಾಜಿನ ಹಿಂದಿನ ಸಾಮಾನುಗಳನ್ನು ನೋಡುವವನಂತೆ ನಿಲ್ಲುತ್ತಾನೆ. ನೋವು ಇಳಿದ ಮೇಲೆ ಮುಂದಿನ ಅಂಗಡಿಯವರೆಗೆ ಪಯಣ. ನಮ್ಮಲ್ಲಿ ಈ ಕೆಲಸಕ್ಕೆ ಒದಗುವುದು ಮೋರಿಕಟ್ಟೆ, ಇಲ್ಲವೆ ಎದುರು ಸಿಕ್ಕ ಪರಿಚಿತರೊಡನೆ ಎರಡು ಮಾತು. ವಯಸ್ಸಾಯಿತು, ವಾತವಿರಬೇಕು ಎಂದು ಮನೆಯವರೂ ಸುಮ್ಮನಾಗುತ್ತಾರೆ. ದೇವಸ್ಥಾನಕ್ಕೆ ಹೋಗುವುದು ತಪ್ಪುತ್ತದೆ, ಅನಂತರ ಸಂತೆ, ಅನಂತರ ಗೆಳೆಯನ ಮನೆ. ಕಾಲಿನ ನಾಳವೊಂದು ಕಿರಿದಾದಂತೆ ಮನುಷ್ಯನ ಲೋಕವೂ ಕಿರಿದಾಗುತ್ತ ಬರುವುದೇ ಈ ರೋಗದ ನಿಜವಾದ ಕ್ರೌರ್ಯವೆಂದು ನನಗೆ ತೋರುತ್ತದೆ.

ಒಳಗೆ ನಡೆಯುವುದಿಷ್ಟು. ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಬೇಕಾದ ರಕ್ತ ಅಲ್ಪ. ನಡೆಯುವಾಗ ಅದು ಅನೇಕ ಪಟ್ಟು ಹೆಚ್ಚಬೇಕು. ಧಮನಿಯ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದರೆ ಆ ಬೇಡಿಕೆ ಸಲ್ಲುವುದಿಲ್ಲ. ನೇರವಾದ ಕೊಳವೆಯ ತ್ರಿಜ್ಯವನ್ನು ಅರ್ಧಕ್ಕಿಳಿಸಿದರೆ, ಅದೇ ಒತ್ತಡದಲ್ಲಿ ಹರಿಯುವ ದ್ರವ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ಜೀವಂತ ನಾಳ ಅಷ್ಟು ಸರಳವಲ್ಲವಾದರೂ ಅಪಾಯದ ದಿಕ್ಕು ಅದೇ. ಪತ್ತೆಯ ಉಪಾಯ ಸುಲಭ: ಕಾಲಿನ ಗಿಣ್ಣಿನ ಬಳಿಯ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವುದು. ಲಬ್ಧ 0.90 ಅಥವಾ ಅದಕ್ಕಿಂತ ಕಡಮೆಯಾದರೆ ನಾಳ ಕಿರಿದಾಗಿದೆಯೆಂದರ್ಥ.

ಇನ್ನು ಚಿಕಿತ್ಸೆ. ನೋವು ಬಂದರೆ ನಿಲ್ಲು ಎಂಬುದು ದೇಹದ ಆಜ್ಞೆ. ನೋವು ಬರುವವರೆಗೆ, ಬಂದಮೇಲೂ ಸ್ವಲ್ಪ ದೂರ ನಡೆ ಎಂಬುದು ವೈದ್ಯನ ಆಜ್ಞೆ. ಮೂರರಿಂದ ಐದು ನಿಮಿಷದೊಳಗೆ ನೋವು ತೋರುವಷ್ಟು ಚುರುಕಾಗಿ ನಡೆಯಬೇಕು. ನೋವು ಸಾಕಷ್ಟು ಬಲವಾದಾಗ ನಿಲ್ಲಬೇಕು. ಪೂರ್ಣ ಇಳಿದ ಮೇಲೆ ಮತ್ತೆ ಹೊರಡಬೇಕು. ಹೀಗೆ ಅರ್ಧ ಗಂಟೆಯಿಂದ ಮೊದಲಿಟ್ಟು ಮೆಲ್ಲನೆ ಮುಕ್ಕಾಲು ಗಂಟೆಗೂ ಮೀರಿ, ವಾರಕ್ಕೆ ಮೂರು ಬಾರಿಯಾದರೂ, ಕನಿಷ್ಠ 12 ವಾರ. 1995ರಲ್ಲಿ ಗಾರ್ಡ್‌ನರ್ ಮತ್ತು ಪೋಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಹಲವು ಪರೀಕ್ಷೆಗಳ ಫಲವನ್ನು ಒಟ್ಟುಗೂಡಿಸಿ ನೋಡಿದರು. ನೋವು ತೋರುವ ಮುನ್ನ ನಡೆಯಬಲ್ಲ ದೂರ ಸರಾಸರಿ 126 ಮೀಟರಿನಿಂದ 351 ಮೀಟರಿಗೆ ಏರಿತ್ತು! ಮುಂದಿನ ಬೀದಿಗೆ ಹೋಗಲಾರದವನು ಅದರಾಚೆಯ ಬೀದಿಗೂ ಹೋಗಬಲ್ಲವನಾದನೆಂದು ತಿಳಿಯಬೇಕು.

ಮುಚ್ಚಿದ ನಾಳ ತೆರೆದುಕೊಂಡಿತೆ? ಇಲ್ಲ. ಪಕ್ಕದಲ್ಲಿ ಹೊಸ ನಾಳಗಳು ಮೂಡಿ ರಕ್ತ ಹರಿಸುತ್ತವೆಂದು ಬಹುಕಾಲ ನಂಬಿದ್ದರು. ಆದರೆ ನಡೆಯುವ ದೂರ ಹೆಚ್ಚಿದಷ್ಟು ರಕ್ತಪ್ರವಾಹ ಹೆಚ್ಚಿದುದು ಕಾಣಲಿಲ್ಲ. ಬದಲಾಗುವುದು ಹೆಚ್ಚಾಗಿ ಸ್ನಾಯುವೇ. ಬಂದ ಅಲ್ಪ ಪ್ರಾಣವಾಯುವನ್ನು ಪೋಲಾಗದಂತೆ ಬಳಸಲು ಅದು ಕಲಿಯುತ್ತದೆ, ರಕ್ತನಾಳದ ಒಳಪದರ ಹೆಚ್ಚು ಸ್ಪಂದಿಸುತ್ತದೆ, ನಡಿಗೆಯೂ ಮಿತವ್ಯಯಿಯಾಗುತ್ತದೆ. ಬಡ ಸಂಸಾರದ ಗೃಹಿಣಿಯಂತೆ, ವರಮಾನ ಬೆಳೆಯದಿದ್ದರೂ ಸಂಸಾರ ಸಾಗಿಸುವ ಜಾಣ್ಮೆ ಬೆಳೆಯುತ್ತದೆ.

ನೋವಿಲ್ಲದೆ ಮೆಲ್ಲಗೆ ಅಡ್ಡಾಡಿದರೆ ಸಾಲದೆ? ಈ ದಯಾಪರ ಪ್ರಶ್ನೆಗೆ 2021ರಲ್ಲಿ ಉತ್ತರ ದೊರಕಿತು. ಅಮೆರಿಕದಲ್ಲಿ ಮೇರಿ ಮ್ಯಾಕ್‌ಡರ್ಮಟ್ ಅವರ ತಂಡ 305 ರೋಗಿಗಳನ್ನು ವಿಂಗಡಿಸಿ, ಕೆಲವರಿಗೆ ನೋವು ಬರುವಂತೆಯೂ ಕೆಲವರಿಗೆ ಬಾರದಂತೆಯೂ ಮನೆಯ ಬಳಿಯೇ ನಡೆಯಲು ಹೇಳಿತು. ಉಳಿದವರಿಗೆ ನಡಿಗೆಯ ಕಟ್ಟಳೆಯಿಲ್ಲ. ವರ್ಷದ ಕೊನೆಗೆ, ಆರು ನಿಮಿಷದಲ್ಲಿ ಕ್ರಮಿಸುವ ದೂರ ಮೊದಲ ಗುಂಪಿನಲ್ಲಿ ಸುಮಾರು 34 ಮೀಟರ್ ಹೆಚ್ಚಿತ್ತು. ಮೆಲ್ಲಗೆ ನಡೆದವರು ಕಟ್ಟಳೆಯಿಲ್ಲದವರಿಗಿಂತ ಮೇಲೆನಿಸಲಿಲ್ಲ. ಸುಖವಾದ ವಾಕಿಂಗು ಮನಸ್ಸಿಗೆ ಒಳ್ಳೆಯದಿರಬಹುದು, ಈ ಕಾಲಿಗೆ ಸಾಲದು.

ಧಮನಿಯೊಳಗೆ ಲೋಹದ ಜಾಲರಿಯಿಟ್ಟು ದಾರಿ ಬಿಡಿಸುವ ಸ್ಟೆಂಟ್ ಚಿಕಿತ್ಸೆಯೂ ಇದೆ. ಹೊಟ್ಟೆಯ ಕೆಳಭಾಗದ ಧಮನಿಗಳು ಕಿರಿದಾದವರಲ್ಲಿ ಎರಡನ್ನೂ ಹೋಲಿಸಿ 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆರು ತಿಂಗಳ ಬಳಿಕ ನಡೆಯುವ ಯಂತ್ರದ ಮೇಲೆ ಹೆಚ್ಚು ಹೊತ್ತು ನಿಂತವರು ವ್ಯಾಯಾಮದವರೇ. ತಮ್ಮ ಬಾಳು ಸುಧಾರಿಸಿತೆಂದು ಹೆಚ್ಚಾಗಿ ಹೇಳಿದವರು ಮಾತ್ರ ಸ್ಟೆಂಟಿನವರು! ನೋವನ್ನು ತಾನೇ ಅರಸಿಕೊಂಡು ಹೋಗುವುದು ಸುಲಭದ ವ್ರತವಲ್ಲ. ಒಬ್ಬನೇ ಮಾಡುವವನು ಎರಡನೆಯ ವಾರಕ್ಕೆ ಬಿಡುತ್ತಾನೆ. ಮೇಲೊಬ್ಬರು ನಿಂತು ಮಾಡಿಸಬೇಕು. ಇದನ್ನರಿತೇ 2017ರಲ್ಲಿ ಅಮೆರಿಕದ ಸರ್ಕಾರ ವೃದ್ಧರ ವಿಮಾ ಯೋಜನೆಯಲ್ಲಿ 12 ವಾರಗಳ ಅವಧಿಗೆ 36 ಸಲದ ಶಿಕ್ಷಿತ ವ್ಯಾಯಾಮದ ವೆಚ್ಚವನ್ನು ಸೇರಿಸಿತು. ನಮ್ಮ ಊರುಗಳಲ್ಲಿ ಆ ಮಾತು ದೂರವಿರಲಿ, ಕಲ್ಲುಚಪ್ಪಡಿ ಕಿತ್ತುಹೋಗದ ನೂರು ಗಜ ಕಾಲುದಾರಿ ದೊರೆತರೂ ಭಾಗ್ಯವೇ.

ಬೀಡಿ, ಸಿಗರೇಟು ಬಿಡದೆ ಇದಾವುದೂ ನಿಲ್ಲದು. ಕಾಲಿನ ಧಮನಿ ಕೆಟ್ಟವನ ಹೃದಯದ, ಮಿದುಳಿನ ಧಮನಿಗಳೂ ಶಂಕಾಸ್ಪದ; ಆದುದರಿಂದ ವೈದ್ಯರು ಕೊಡುವ ಕೊಬ್ಬಿಳಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ನಡಿಗೆಯ ಹುರುಪಿನಲ್ಲಿ ಮರೆಯಬಾರದು; ಆರಂಭಕ್ಕೆ ಮುನ್ನ ಹೃದಯದ ಪರೀಕ್ಷೆಯೂ ಆಗಬೇಕು. ಮಲಗಿದಾಗಲೂ ಪಾದ ನೋಯುವವನು, ಬೆರಳು ಕಪ್ಪಾದವನು, ಹುಣ್ಣು ಮಾಯದವನು ನಡೆಯಹೊರಡದೆ ತಡಮಾಡದೆ ಶಸ್ತ್ರವೈದ್ಯನಲ್ಲಿಗೆ ಹೋಗತಕ್ಕದ್ದು. ಮಧುಮೇಹವಿರುವವರು ಪ್ರತಿದಿನ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳಬೇಕು; ಸ್ಪರ್ಶವಿಲ್ಲದ ಪಾದಕ್ಕೆ ಮುಳ್ಳು ಚುಚ್ಚಿದುದೂ ತಿಳಿಯದು. ಕಾಲುನೋವನ್ನು ತಾಳಲಾರದವರಿಗೂ ಒಂದು ದಾರಿಯುಂಟು: ಕೈಯಿಂದ ತುಳಿಗಾಲಿಯಂತೆ ತಿರುಗಿಸುವ ಯಂತ್ರ. ಅದರಲ್ಲಿ ತೋಳುಗಳಿಗೆ ಮಾತ್ರ ವ್ಯಾಯಾಮ ಕೊಟ್ಟು ನೋಡಿದಾಗಲೂ ರೋಗಿಗಳು ಮೊದಲಿಗಿಂತ ಹೆಚ್ಚು ದೂರ ನಡೆದಿದ್ದಾರೆ.