ಅಟ್ಟದಿಂದ ಗೋಡೆಗೆ ಬಂದ ತಟ್ಟೆಗಳು

ಮೈಸೂರಿನ ಮನೆ ಖಾಲಿ ಮಾಡಿ ಮಾರತ್ತಹಳ್ಳಿಯಲ್ಲಿರುವ ಮಗನ ಮನೆಗೆ ಬಂದಾಗ ನನ್ನ ಜೊತೆ ಒಂದು ಟ್ರಂಕೂ ಬಂತು. ಬಹಳ ವರ್ಷ ಅಟ್ಟದ ಮೇಲಿದ್ದ ಟ್ರಂಕು ಅದು. ಹಳೆಯ ಸೀರೆಗಳ ಮಡಿಕೆಯ ನಡುವೆ ಏಳು ಪಿಂಗಾಣಿ ತಟ್ಟೆಗಳಿದ್ದವು. ಊಟಕ್ಕಲ್ಲ, ಅಂದಕ್ಕೆ ಇಟ್ಟವು. ನಮ್ಮ ಕಾಲದಲ್ಲಿ ಷೋಕೇಸು ಇದ್ದ ಮನೆಗಳಲ್ಲಿ ಇಂಥ ತಟ್ಟೆಗಳು ಇದ್ದೇ ಇರುತ್ತಿದ್ದವು.

"ಅಮ್ಮ, ಇವನ್ನೆಲ್ಲ ಎಲ್ಲಿಡೋದು? ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆದ್ರೆ ಓನರ್ ಸುಮ್ನಿರಲ್ಲ" ಎಂದ ಮಗ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಸುತ್ತಮುತ್ತ ಕೆಲಸ ಬದಲಾದಂತೆ ಮನೆ ಬದಲಾಯಿಸುವವರೇ ಹೆಚ್ಚು. ತಿಂಗಳ ಕೊನೆಗೆ ಸಾಮಾನು ಸಾಗಿಸುವ ಲಾರಿ ಬಂದು ಹೋದ ಮೇಲೆ ಕಸದ ಮೂಲೆಯಲ್ಲಿ ತಟ್ಟೆ, ಬಟ್ಟಲು, ಹೂದಾನಿಗಳು ಉಳಿದಿರುತ್ತವೆ.

ಟ್ರಂಕಿನಿಂದ ತೆಗೆಯುವಾಗಲೇ ನೀಲಿ ಹೂವಿನ ಒಂದು ತಟ್ಟೆ ಕೈಜಾರಿ ಚೂರಾಯಿತು. ಚೂರುಗಳನ್ನು ಗುಡಿಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ ಕಸಕ್ಕೆ ಇಟ್ಟೆ. ಮಾರನೆಯ ಬೆಳಿಗ್ಗೆ ಕಸ ಒಯ್ಯಲು ಬಂದ ಹೆಣ್ಣುಮಗಳ ಬೆರಳಿಗೆ ಬಟ್ಟೆ ಸುತ್ತಿತ್ತು. "ಯಾರ ಮನೇದೋ ಗೊತ್ತಿಲ್ಲ ಅಮ್ಮ, ಕವರಲ್ಲಿ ತಟ್ಟೆ ಚೂರಿತ್ತು. ನೀಲಿ ಹೂವಿಂದು" ಎಂದಳು. ಮಾತು ಬಾಯಲ್ಲೇ ನಿಂತಿತು. ಆಮೇಲೆ, "ನಮ್ಮನೇದೇ ಕಣಮ್ಮ, ತಪ್ಪಾಯಿತು" ಎಂದೆ. ಅವಳು ಬೈಯಲಿಲ್ಲ. "ಇನ್ನೊಂದ್ಸಲ ಪೇಪರಲ್ಲಿ ಸುತ್ತಿ, ಹೇಳಿ ಕೊಡಿ" ಎಂದಷ್ಟೇ ಹೇಳಿ ಗಾಡಿ ತಳ್ಳಿಕೊಂಡು ಹೋದಳು.

ಉಳಿದ ಆರು ತಟ್ಟೆಗಳನ್ನು ಕಸಕ್ಕೆ ಹಾಕುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಆರನೇ ತರಗತಿಯ ಮೊಮ್ಮಗಳು ನನ್ನ ಜೊತೆ ಕೈಜೋಡಿಸಿದಳು.

ಸುಟ್ಟ ಮಣ್ಣು ಮತ್ತೆ ಮಣ್ಣಾಗದು

"ಮಣ್ಣಿಂದ ತಾನೇ ಮಾಡಿರೋದು? ತೋಟದಲ್ಲಿ ಹೂತರೆ ಮಣ್ಣಲ್ಲಿ ಮಣ್ಣಾಗಲ್ವಾ ಅಜ್ಜಿ?" ಎಂದು ಅವಳು ಕೇಳಿದಳು. ಉತ್ತರವನ್ನು ಒಂದು ಬಕೆಟ್ ನೀರಿನಲ್ಲೇ ತೋರಿಸಿದೆ. ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಉಂಡೆಯೊಂದನ್ನೂ, ಒಡೆದ ಹಣತೆಯ ಚೂರೊಂದನ್ನೂ ನೀರಿಗೆ ಹಾಕಿದೆವು. ಸ್ವಲ್ಪ ಹೊತ್ತಿಗೆ ಉಂಡೆ ಕರಗಿ ಕೆಸರಾಯಿತು. ಹಣತೆಯ ಚೂರು ವಾರವಾದರೂ ಹಾಗೆಯೇ ಇತ್ತು. ಮಕ್ಕಳೇ, ನೀವೂ ಮಾಡಿ ನೋಡಿ.

ಜೇಡಿಮಣ್ಣಿನ ಕಣಗಳ ಒಳಗೇ ನೀರಿನ ಅಂಶ ಸೇರಿಕೊಂಡಿರುತ್ತದೆ. ಬಿಸಿಲಿಗೆ ಅದು ಹೋಗುವುದಿಲ್ಲ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಹೋಗುತ್ತದೆ. ಹೋದ ಮೇಲೆ ಮಣ್ಣಿನ ಗುಣವೇ ಬದಲಾಗುತ್ತದೆ, ನೀರು ಹಾಕಿದರೂ ಅದು ಮತ್ತೆ ಜೇಡಿಯಾಗುವುದಿಲ್ಲ. ಪಿಂಗಾಣಿಯನ್ನಂತೂ 1200ರಿಂದ 1400 ಡಿಗ್ರಿಯವರೆಗೆ ಸುಡುತ್ತಾರೆ. ಅದರ ಮೇಲಿನ ಹೊಳಪು ಒಂದು ಬಗೆಯ ಗಾಜು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞರು ಉತ್ಖನನ ಮಾಡಿದಾಗ ಅಲ್ಲಿನ ಹಳೆಯ ಜನಜೀವನದ ಕಾಲಕ್ರಮವನ್ನು ತಿಳಿಯಲು ನೆರವಾದದ್ದು ಮಡಕೆಯ ಚೂರುಗಳೇ. ಅಲ್ಲಿದ್ದವರ ಬಟ್ಟೆ ಉಳಿದಿಲ್ಲ, ಹುಲ್ಲಿನ ಚಾಪೆ ಉಳಿದಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಪ್ಪು-ಕೆಂಪು ಮಡಕೆಗಳ ಚೂರುಗಳು ಮಾತ್ರ ಉಳಿದಿವೆ. ವಿದ್ಯುತ್ ಕಂಬದಲ್ಲಿ ತಂತಿ ಹಿಡಿದಿರುವ ಪಿಂಗಾಣಿಯ ಬಿಲ್ಲೆಗಳನ್ನು ನೋಡಿದ್ದೀರಲ್ಲ? ಮಳೆ ಬಿಸಿಲಿಗೆ ಜಗ್ಗದ ಅಂಥ ಬಿಲ್ಲೆಗಳನ್ನು ಮಾಡಲು ಬೆಂಗಳೂರಿನ ಮಲ್ಲೇಶ್ವರದ ಬಳಿ ಮೈಸೂರು ಸಂಸ್ಥಾನದ ಕಾಲದಲ್ಲೇ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು. 1976ರಲ್ಲಿ ಅದು ಬಿಎಚ್ಇಎಲ್ ಸಂಸ್ಥೆಗೆ ಸೇರಿತು.

ಅಂದರೆ ನನ್ನ ಟ್ರಂಕಿನ ತಟ್ಟೆಗಳು ನನಗಿಂತ, ನನ್ನ ಮೊಮ್ಮಗಳ ಮೊಮ್ಮಗಳಿಗಿಂತಲೂ ಹೆಚ್ಚು ಕಾಲ ಇರುತ್ತವೆ. ಕಸದ ಗುಡ್ಡದಲ್ಲಿರಬೇಕೋ ಮನೆಯಲ್ಲಿರಬೇಕೋ ಎಂಬುದನ್ನು ಮಾತ್ರ ನಾವು ನಿರ್ಧರಿಸಬಹುದು.

ಮೊದಲು ತಟ್ಟೆಯನ್ನು ಓದಿ

ಮೊಮ್ಮಗಳು ಆಗಲೇ ಬಣ್ಣದ ಡಬ್ಬಿ ತಂದು ಕುಳಿತಿದ್ದಳು. "ನಿಲ್ಲು ಪುಟ್ಟಿ, ಮೊದಲು ನೋಡೋಣ" ಎಂದೆ. ಪಾತ್ರೆ ತೊಳೆಯುವ ಸಾಬೂನು, ಉಗುರುಬೆಚ್ಚನೆ ನೀರು, ಮೆತ್ತನೆ ಬಟ್ಟೆ, ಇಷ್ಟರಲ್ಲೇ ಎಲ್ಲವನ್ನೂ ತೊಳೆದೆವು. ಸ್ಟೀಲ್ ನಾರು ಬೇಡ. ಅಂಚಿನ ಚಿನ್ನದ ಗೆರೆ ಹೊಳಪಿನ ಮೇಲೆ ಬಳಿದದ್ದಾಗಿರುತ್ತದೆ, ತಿಕ್ಕಿದರೆ ಅಳಿಸಿಹೋಗುತ್ತದೆ. ಅಂಥ ತಟ್ಟೆಯನ್ನು ಮೈಕ್ರೋವೇವಿಗೂ ಇಡಬಾರದು.

ಎರಡು ತಟ್ಟೆಗಳ ಮೇಲೆ ನೀಲಿ ಚಿತ್ರವಿತ್ತು: ಬಾಗಿದ ಮರ, ಸೇತುವೆ ದಾಟುವ ಮೂವರು, ಮೇಲೆ ಎರಡು ಹಕ್ಕಿ. ಇದಕ್ಕೆ ವಿಲ್ಲೋ ವಿನ್ಯಾಸ ಎಂದು ಹೆಸರು. ನೋಡಿದರೆ ಚೀನಾದ್ದು ಅನ್ನಿಸುತ್ತದೆ. ಆದರೆ ಇದು 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕುಶಲಕರ್ಮಿಗಳು ಚೀನಾದ ತಟ್ಟೆಗಳನ್ನು ನೋಡಿ ಕಲ್ಪಿಸಿಕೊಂಡ ವಿನ್ಯಾಸ. ಓಡಿಹೋದ ಪ್ರೇಮಿಗಳು ಹಕ್ಕಿಗಳಾದರು ಎಂಬ ಕತೆಯೂ ಅಲ್ಲೇ ಹುಟ್ಟಿದ್ದು. ಇವೆರಡನ್ನೂ ಮುಟ್ಟಬಾರದು ಎಂದು ಇಬ್ಬರೂ ಒಪ್ಪಿದೆವು. ತೊಳೆದದ್ದೇ ಅವಕ್ಕೆ ಹೊಸ ರೂಪ.

ಇನ್ನೊಂದು ಮುಖ್ಯ ಮಾತು. ಹಳೆಯ ಅಲಂಕಾರದ ತಟ್ಟೆಗಳ ಬಣ್ಣದಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷದ ಲೋಹಗಳು ಇರಬಹುದು. ಆದ್ದರಿಂದ ಅವುಗಳಲ್ಲಿ ತಿಂಡಿ ಬಡಿಸಬೇಡಿ, ಉಪ್ಪಿನಕಾಯಿ, ಹುಳಿ ಪದಾರ್ಥ ಇಡಲೇಬೇಡಿ. ಬಣ್ಣ ಹಿಡಿಯಲಿ ಎಂದು ಮರಳು ಕಾಗದದಿಂದ ಉಜ್ಜಲೂಬೇಡಿ, ಆ ಧೂಳು ಒಳ್ಳೆಯದಲ್ಲ.

ಬೇಡವೆಂದಾಗ ತೆಗೆಯಬಹುದಾದ ಚಿತ್ತಾರ

ಮತ್ತೆರಡು ತಟ್ಟೆಗಳ ಹೂವು ಮಾಸಿ ಗುರುತೇ ಸಿಗುತ್ತಿರಲಿಲ್ಲ. ಇವಕ್ಕೆ ಮೊಮ್ಮಗಳ ಕೈಗೆಲಸ ಬೇಕಿತ್ತು. ಉಜ್ಜದೆ ಬಣ್ಣ ಬಳಿದರೆ ನುಣುಪಾದ ಪಿಂಗಾಣಿಯಿಂದ ಸಿಪ್ಪೆಯಂತೆ ಏಳುತ್ತದೆ. ಅದಕ್ಕೇ ತಟ್ಟೆಯ ಮೇಲೆ ಬಿಡಿಸಲಿಲ್ಲ, ಕಾಗದದ ಮೇಲೆ ಬಿಡಿಸಿ ಅಂಟಿಸಿದೆವು.

ತಟ್ಟೆಯ ನಡುವಿನ ಸಮತಟ್ಟಾದ ಭಾಗದ ಅಳತೆಗೆ ತೆಳು ಕಾಗದವನ್ನು ದುಂಡಗೆ ಕತ್ತರಿಸಿ, ಕೆಮ್ಮಣ್ಣಿನ ಬಣ್ಣ ಬಳಿದು ಒಣಗಿಸಿದಳು. ಅದರ ಮೇಲೆ ಬಿಳಿ ಗೆರೆಗಳಲ್ಲಿ ಚಿತ್ತಾರ. ಮಲೆನಾಡಿನ ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಸಾರಿಸಿ, ನೆನೆಸಿ ಅರೆದ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ ಅದು. ಅದರ ಅಡ್ಡ ಗೆರೆ, ಓರೆ ಗೆರೆಗಳನ್ನು ನೋಡಿಕೊಂಡು ಮೊಮ್ಮಗಳು ತನ್ನದೇ ಒಂದು ಬರೆದಳು. ಎರಡನೆಯ ತಟ್ಟೆಗೆ ಹಳೆಯ ಮದುವೆ ಕಾಗದದ ನವಿಲನ್ನು ಕತ್ತರಿಸಿಕೊಂಡೆವು.

ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ ತಟ್ಟೆಗೆ ತೆಳುವಾಗಿ ಸವರಿ, ಕಾಗದವನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಅಂಟಿಸಿ, ಒಂದು ದಿನ ನೆರಳಲ್ಲಿ ಒಣಗಿಸಿದರೆ ಮುಗಿಯಿತು. ಮೇಲೆ ವಾರ್ನಿಷ್ ಹಾಕಲಿಲ್ಲ. ನಾಳೆ ಬೇಡವೆನಿಸಿದರೆ ಬೆಚ್ಚನೆ ನೀರಿನಲ್ಲಿ ನೆನೆಸಿದರೆ ಸಾಕು, ಕಾಗದ ಬಿಡುತ್ತದೆ, ಹಳೆಯ ತಟ್ಟೆ ಹಾಗೇ ಸಿಗುತ್ತದೆ. ತಟ್ಟೆ ನೂರಾರು ವರ್ಷ ಬಾಳುವಂಥದ್ದು. ನಮ್ಮ ಇವತ್ತಿನ ಇಷ್ಟವನ್ನು ಅದರ ಮೇಲೆ ಶಾಶ್ವತವಾಗಿ ಹೇರುವುದೇಕೆ?

ಮುಕ್ಕಾದದ್ದು, ಬಿರುಕು ಬಿಟ್ಟದ್ದು

ಐದನೆಯ ತಟ್ಟೆಯ ಅಂಚು ಮುಕ್ಕಾಗಿತ್ತು. ಜಪಾನಿನಲ್ಲಿ ಒಡೆದ ಬಟ್ಟಲನ್ನು ಅರಗಿನಂಥ ಮರದ ರಸದಿಂದ ಅಂಟಿಸಿ, ಬೆಸುಗೆಯ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಕಿಂಟ್ಸುಗಿ ಎಂದು ಅದರ ಹೆಸರು. ಒಡೆದದ್ದನ್ನು ಮುಚ್ಚಿಡುವುದಿಲ್ಲ, ಎದ್ದು ಕಾಣುವಂತೆ ಮಾಡುತ್ತಾರೆ. ನಮ್ಮದು ಬಡವರ ಕಿಂಟ್ಸುಗಿ. ಕೈಗೆ ಗ್ಲೌಸ್ ಹಾಕಿಕೊಂಡು ಎಂ-ಸೀಲಿನ ಎರಡು ತುಂಡುಗಳನ್ನು ನಾದಿ, ಮುಕ್ಕಾದಲ್ಲಿ ತುಂಬಿ, ಒದ್ದೆ ಬೆರಳಿನಿಂದ ನುಣುಪು ಮಾಡಿದೆ. ಮಾರನೆಯ ದಿನ ಅದಕ್ಕೆ ಚಿನ್ನದ ಬಣ್ಣ ಬಳಿದೆವು.

ಆರನೆಯದು ಎರಡು ಕಡೆ ಬಿರುಕು ಬಿಟ್ಟಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಮಗ ಸುತ್ತಿಗೆಯಿಂದ ಒಡೆದ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಇತ್ತು. ಇದು ದೊಡ್ಡವರ ಕೆಲಸ, ಮಕ್ಕಳು ದೂರವಿರಬೇಕು. ಹಳೆಯ ಸಿಮೆಂಟ್ ಕುಂಡಕ್ಕೆ ಟೈಲ್ಸ್ ಅಂಟಿಸುವ ಗಾರೆ ಬಳಿದು, ಮೊಮ್ಮಗಳು ಹೇಳಿದ ವಿನ್ಯಾಸದಂತೆ ಅವನು ಚೂರುಗಳನ್ನು ಕೂರಿಸಿದ. ಒಂದು ದಿನ ಬಿಟ್ಟು ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿ, ಒದ್ದೆ ಸ್ಪಂಜಿನಿಂದ ಒರೆಸಿದ. ಚೂರಿನ ಚೂಪು ಅಂಚು ಎಲ್ಲೂ ಹೊರಗೆ ಉಳಿಯಬಾರದು. ಬೆಂಗಳೂರಿನ ಎಷ್ಟೋ ಮನೆಗಳ ತಾರಸಿಯಲ್ಲಿ ಬಿಸಿಲಿನ ಕಾವು ತಡೆಯಲು ಬಿಳಿ ಟೈಲ್ಸ್ ಚೂರುಗಳನ್ನು ಹಾಸಿರುವುದು ಇದೇ ರೀತಿಯಲ್ಲಿ. ಚಂಡೀಗಡದಲ್ಲಿ ನೇಕ್ ಚಂದ್ ಎಂಬುವರು ಒಡೆದ ಪಿಂಗಾಣಿ, ಬಳೆ ಚೂರುಗಳಿಂದ ಗೊಂಬೆಗಳ ದೊಡ್ಡ ಉದ್ಯಾನವನ್ನೇ ಕಟ್ಟಿದರು. 1976ರಲ್ಲಿ ಜನರಿಗೆ ತೆರೆದ ಆ ರಾಕ್ ಗಾರ್ಡನ್ ಇಂದಿಗೂ ಇದೆ.

ಹೊಸ ಮೊಳೆ ಬೇಕಾಗಲಿಲ್ಲ

ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಮೂರು ಮೊಳೆಗಳು ನಡುಮನೆಯ ಗೋಡೆಯಲ್ಲಿದ್ದವು. ದಪ್ಪ ತಂತಿಯನ್ನು ಬಗ್ಗಿಸಿ ತಟ್ಟೆಯ ಅಂಚನ್ನು ನಾಲ್ಕು ಕಡೆ ಹಿಡಿಯುವಂತೆ ಮಾಡಿ, ಅಂಚು ಮುಕ್ಕಾಗದಂತೆ ತಂತಿಯ ಕೊಕ್ಕೆಗಳಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿದೆವು. ಗೋಡೆಗೆ ಹಾಕುವ ಮೊದಲು ಹಾಸಿಗೆಯ ಮೇಲೆ ಎತ್ತಿ ಹಿಡಿದು ಜಗ್ಗಿ ನೋಡಿದೆವು. ಮಲಗುವ ಜಾಗದ ಮೇಲೆ, ಬಾಗಿಲಿನ ಮೇಲೆ ತಟ್ಟೆ ತೂಗುಹಾಕಬೇಡಿ. ಚಿತ್ತಾರ, ನವಿಲು, ಚಿನ್ನದ ಅಂಚು ಮೂರೂ ಗೋಡೆಗೇರಿದವು. ನೀಲಿ ಜೋಡಿ ಪುಸ್ತಕದ ಕಪಾಟಿನಲ್ಲಿ ಒರಗಿ ನಿಂತಿತು. ಖರ್ಚಾದದ್ದು ಅಂಟು, ಎಂ-ಸೀಲ್, ಸಿಮೆಂಟಿಗೆ ಮಾತ್ರ. ಬಣ್ಣ ಮೊಮ್ಮಗಳ ಡಬ್ಬಿಯದು.

ಕುಂಡಕ್ಕೆ ಸೇರದ ಸಣ್ಣ ಚೂರುಗಳು ಒಂದು ಹಿಡಿ ಉಳಿದವು. ಅವನ್ನು ನಾಲ್ಕು ಪದರ ವೃತ್ತಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಟೇಪು ಅಂಟಿಸಿದೆ. ಅದರ ಮೇಲೆ ಮೊಮ್ಮಗಳು ಕೆಂಪು ಅಕ್ಷರದಲ್ಲಿ "ಒಡೆದ ಪಿಂಗಾಣಿ, ಜೋಪಾನ" ಎಂದು ಬರೆದಳು. ಬೆಳಿಗ್ಗೆ ಬಾಗಿಲಲ್ಲಿ ನಿಂತು ನಾನೇ ಕೊಟ್ಟೆ. ಆ ಹೆಣ್ಣುಮಗಳು ಡಬ್ಬಿಯನ್ನು ಗಾಡಿಯಲ್ಲಿ ಬೇರೆಯಾಗಿ ಇಟ್ಟುಕೊಂಡಳು. ಬೆರಳಿನ ಗಾಯ ಮಾಗಿತ್ತು, ಗುರುತು ಇನ್ನೂ ಇತ್ತು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ತಟ್ಟೆಗಳಿರಬಹುದು. ಈ ಭಾನುವಾರ ಅಜ್ಜಿ, ತಾತ, ಮೊಮ್ಮಕ್ಕಳು ಸೇರಿ ಕೆಳಗಿಳಿಸಿ. ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.