ಕೆರೆಯ ಸುತ್ತಿನ ನಡಿಗೆ: ಅರ್ಧ ದಾರಿಯ ಲೆಕ್ಕ

'ದಿನಾ ಸ್ವಲ್ಪ ನಡೆಯಿರಿ' ಎಂದು ವೈದ್ಯರು ಹೇಳಿದರೆ ಯಾರೂ ಹೆದರುವುದಿಲ್ಲ. ಪಥ್ಯ ಹೇಳಿದರೆ ಮುಖ ಸಣ್ಣದು ಮಾಡುವವರೂ ನಡಿಗೆ ಎಂದರೆ ಸಂತೋಷದಿಂದ ತಲೆಯಾಡಿಸುತ್ತಾರೆ. ಎಷ್ಟು ದೂರ, ಯಾವ ವೇಗ, ಎಂಥ ದಾರಿ ಎಂದು ಮಾತ್ರ ಇವರೂ ಕೇಳುವುದಿಲ್ಲ, ಅವರೂ ವಿವರಿಸುವುದಿಲ್ಲ. ಮರುದಿನ ಬೆಳಿಗ್ಗೆ ಹೊಸ ಕ್ಯಾನ್‌ವಾಸ್ ಬೂಟು ಹಾಕಿಕೊಂಡು ಹೊರಟೇಬಿಡುತ್ತಾರೆ.

ನಡೆಯಲು ಹೊಳೆಯ ದಂಡೆಯೋ ಕೆರೆಯ ಏರಿಯೋ ಸಿಕ್ಕರೆ ಅದು ಭಾಗ್ಯವೇ ಸರಿ. ನೀರಿನ ಪಕ್ಕದ ದಾರಿ ಸಾಮಾನ್ಯವಾಗಿ ಸಮತಟ್ಟು. ವಾಹನಗಳ ಹೊಗೆಯಿಲ್ಲ, ಹಿಂದಿನಿಂದ ಹಾರ್ನ್ ಇಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೇ ನೋಡಿ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೇಸಾಯದ ನೀರಿಗೆಂದು ಕಟ್ಟಿಸಿದ ಕೆರೆ ಅದು. ಇಂದು ಮಾನಸಗಂಗೋತ್ರಿಯ ಮಗ್ಗುಲಲ್ಲಿ ಊರಿನ ನಡಿಗೆದಾರರ ಅಚ್ಚುಮೆಚ್ಚಿನ ತಾಣವಾಗಿದೆ. ನೆರಳಿದೆ, ಕೂರಲು ಕಲ್ಲುಬೆಂಚುಗಳಿವೆ, ನೀರಿನ ಮೇಲೆ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಇವೆ. ಹಕ್ಕಿ ನೋಡಲು ನಿಂತವರನ್ನು ಕಂಡು 'ಇವರೆಂಥ ವಾಕಿಂಗ್ ಮಾಡುತ್ತಾರೆ' ಎಂದು ಮೂಗು ಮುರಿಯುವ ಅವಸರದ ಜನರೂ ಇದ್ದಾರೆ. ನನ್ನ ಓಟು ನಿಂತು ನೋಡುವವರಿಗೇ. ಬೇಸರವಿಲ್ಲದೆ ನಡೆಯುವವರು ನಾಳೆಯೂ ಬರುತ್ತಾರೆ.

ಇಂಥ ಸುತ್ತುದಾರಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ನೇರ ರಸ್ತೆಯಲ್ಲಿ ಹತ್ತು ನಿಮಿಷ ನಡೆದು ಸುಸ್ತಾದರೆ ಹತ್ತೇ ನಿಮಿಷದಲ್ಲಿ ಹಿಂದಿರುಗಬಹುದು. ಕೆರೆಯ ಸುತ್ತು ಹಾಗಲ್ಲ. ಅರ್ಧ ಸುತ್ತು ಮುಗಿಸಿದಾಗ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಅಡ್ಡದಾರಿ ಇಲ್ಲ, ನಡುವೆ ನೀರಿದೆ. ಆಟೋ ಬರುವಂತಿಲ್ಲ. ಮಂಡಿ ಹಿಡಿದುಕೊಳ್ಳುವುದು, ತಲೆ ಸುತ್ತುವುದು, ಎದೆ ಬಿಗಿಯುವುದು ಆ ದೂರದ ದಂಡೆಯಲ್ಲೇ ಆದರೆ ನೀವೇನು ಮಾಡುವಿರಿ?

ಆದ್ದರಿಂದ ಹೊಸದಾಗಿ ಆರಂಭಿಸುವವರು, ಹೃದಯಾಘಾತವಾಗಿ ಚೇತರಿಸಿಕೊಂಡವರು, ವೈದ್ಯರ ಒಪ್ಪಿಗೆ ಪಡೆದ ಮೇಲೂ, ಮೊದಲ ದಿನವೇ ಪೂರ್ತಿ ಸುತ್ತು ಹಾಕಬಾರದು. ಗೇಟಿನಿಂದ ಹತ್ತು ನಿಮಿಷ ಹೋಗಿ, ಹತ್ತು ನಿಮಿಷ ಹಿಂದಿರುಗಿ. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ಸುತ್ತು ಮುಗಿಸಲು ಬೇಕಾಗುವಷ್ಟು ಹೊತ್ತು ಹೀಗೆ ಹೋಗಿ ಬರುವುದರಲ್ಲಿ ತೊಂದರೆಯಾಗದಿದ್ದರೆ ಆಗ ಸುತ್ತು ಹಾಕಿ. ಜೊತೆಯವರೊಡನೆ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಸರಿಯಾದ ವೇಗಕ್ಕೆ ಇದಕ್ಕಿಂತ ಸುಲಭದ ಅಳತೆ ಇಲ್ಲ.

ನಡೆಯುವಾಗ ಎದೆಯಲ್ಲಿ ಭಾರ, ಬಿಗಿತ ಅಥವಾ ಉರಿ ಕಾಣಿಸಿಕೊಂಡು, ನಿಂತ ಕೂಡಲೇ ಕಡಿಮೆಯಾದರೆ ಅದನ್ನು 'ಗ್ಯಾಸ್' ಎಂದು ತಳ್ಳಿಹಾಕಬೇಡಿ. ನಮ್ಮ ಮನೆಗಳಲ್ಲಿ ಎಷ್ಟೋ ಹೃದ್ರೋಗಗಳು ಗ್ಯಾಸಿನ ಹೆಸರಿನಲ್ಲಿ ಸೋಡಾ ಕುಡಿದುಕೊಂಡು ಕಾಲ ಕಳೆಯುತ್ತವೆ. ನಡೆದರೆ ಬರುವ, ನಿಂತರೆ ಹೋಗುವ ನೋವು ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂಬುದರ ಸೂಚನೆ ಇರಬಹುದು. ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಉಬ್ಬಸ, ತಣ್ಣನೆಯ ಬೆವರು, ವಿಪರೀತ ಸುಸ್ತು ಮಾತ್ರ ಇರಬಹುದು. ಮೊದಲ ಬಾರಿ ಕಂಡರೆ ಅಂದೇ ವೈದ್ಯರನ್ನು ನೋಡಿ. ಐದು ನಿಮಿಷ ಕುಳಿತರೂ ಹೋಗದಿದ್ದರೆ ನಡೆದು ಗೇಟಿಗೆ ಬರುವ ಸಾಹಸ ಬೇಡ. ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಿ.

ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಸಡಿಲವಾಗುವುದೂ ಇದೇ ಜಾತಿಯದು. ಅಲ್ಲಿ ರಕ್ತ ಸಾಲದಿರುವುದು ಕಾಲಿಗೆ. ಬೀಡಿ ಸಿಗರೇಟು ಸೇದುವವರಲ್ಲಿ ಇದು ಹೆಚ್ಚು.

ಸಕ್ಕರೆ ಕಾಯಿಲೆಯವರಿಗೆ ಬೇರೊಂದು ಎಚ್ಚರಿಕೆ. ಇನ್‌ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ ನಡಿಗೆಯಲ್ಲಿ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜಾಗುವುದು ಅದರ ಲಕ್ಷಣ. ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲಿ, ಆ ಹೊತ್ತಿನಲ್ಲಿ ಅದೇ ಔಷಧ. ಬರಿಗಾಲಲ್ಲಿ ನಡೆದರೆ ಭೂಮಿಯ ಶಕ್ತಿ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಚುಚ್ಚಿದ ಮುಳ್ಳೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಕನ್ನಡಿ ಹಿಡಿದುಕೊಳ್ಳಿ, ಇಲ್ಲವೇ ಮೊಮ್ಮಕ್ಕಳಿಗೆ ಹೇಳಿ.

ಮಂಡಿನೋವಿನವರು ನಡೆಯಬಾರದೆಂಬ ಮಾತು ಸರಿಯಲ್ಲ. ಕೀಲಿನ ಮೃದ್ವಸ್ಥಿಗೆ ಪೋಷಣೆ ಸಿಗುವುದೇ ಅಲುಗಾಟದಿಂದ. ಮಣ್ಣಿನ ದಾರಿ ಕಾಲಿಗೆ ಮೆತ್ತಗೆ, ಆದರೆ ಮಳೆಯಲ್ಲಿ ಜಾರುತ್ತದೆ. ಕಲ್ಲುಹಾಸು, ಕಾಂಕ್ರೀಟ್ ದಾರಿ ಗಟ್ಟಿ, ಆದರೆ ತೂಕಾಡುವ ವೃದ್ಧರಿಗೆ ಹಳ್ಳತಿಟ್ಟು ಇಲ್ಲದ ನೆಲವೇ ಕ್ಷೇಮ. ದಾರಿ ನೀರಿನ ಕಡೆಗೆ ಇಳಿಜಾರಾಗಿದ್ದರೆ ಒಂದು ದಿನ ಬಲಸುತ್ತು, ಒಂದು ದಿನ ಎಡಸುತ್ತು ಹಾಕಿ. ದಿನವೂ ಒಂದೇ ಕಾಲು ತಗ್ಗಿಗೆ ಬೀಳುವುದು ತಪ್ಪುತ್ತದೆ. ನಡೆದು ಬಂದ ಎರಡು ಗಂಟೆಯ ಮೇಲೂ ನೋವು ಉಳಿದರೆ ಮರುದಿನ ದೂರ ಕಡಿಮೆ ಮಾಡಿ.

ಹತ್ತು ಸಾವಿರ ಹೆಜ್ಜೆ ಆಗಲಿಲ್ಲವೆಂದು ರಾತ್ರಿ ಹಜಾರದಲ್ಲಿ ಸುತ್ತುವವರಿಗೆ ಒಂದು ಮಾತು. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದ. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ವ್ಯಾಯಾಮ. ಅದನ್ನು ಒಂದೇ ಬಾರಿಗೆ ಮುಗಿಸಬೇಕಾಗಿಲ್ಲ. ಊಟವಾದ ಮೇಲಿನ ಹತ್ತು ಹದಿನೈದು ನಿಮಿಷದ ನಡಿಗೆಯೂ ಲೆಕ್ಕಕ್ಕೆ ಬರುತ್ತದೆ, ರಕ್ತದ ಸಕ್ಕರೆಯ ಏರಿಕೆಯನ್ನೂ ತಗ್ಗಿಸುತ್ತದೆ.

ಮೊಬೈಲು, ಮನೆಯವರ ನಂಬರು ಮತ್ತು ತೆಗೆದುಕೊಳ್ಳುವ ಔಷಧಗಳ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ. ಹೊರಡುವಾಗ 'ವಾಕಿಂಗ್ ಹೋಗಿ ಬರುತ್ತೇನೆ' ಎಂದಷ್ಟೇ ಹೇಳಬೇಡಿ. ಯಾವ ಗೇಟಿನಿಂದ ಒಳಗೆ ಹೋಗುತ್ತೀರಿ, ಎಡಕ್ಕೋ ಬಲಕ್ಕೋ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬುದನ್ನೂ ಹೇಳಿ ಹೊರಡಿ. ಹುಡುಕಿಕೊಂಡು ಬರುವವರು ಎದುರು ದಿಕ್ಕಿನಿಂದ ಬಂದರೆ ಬೇಗ ಸಿಗುತ್ತೀರಿ.